ಮುಂಗುಸಿ ಮತ್ತು ಕಿಟಕಿ ಸೀಟು

ಇಂಥವೆಲ್ಲ ಬೇರೆ ಯಾರಿಗೂ ಆಗುವುದಿಲ್ಲ, ಹುಡುಕಿಕೊಂಡು ಬಂದು ನನಗೇ ಆಗುತ್ತವೆ. ಸಿಟ್ಟು ನನಗೆ ಹೊಸದೇನಲ್ಲ. ಡೊಂಬಿವಲಿಯಿಂದ ಬೇಲಾಪುರಕ್ಕೆ ದಿನಾ ಹೋಗಿ ಬರುವವನಿಗೆ ಅದು ಪಾಸಿನ ಜೊತೆಗೇ ಸಿಗುತ್ತದೆ. ಆದರೆ ಆ ವರ್ಷ ಫೆಬ್ರವರಿಯಿಂದ ಜೂನ್‌ವರೆಗೆ ನನಗೆ ಬಂದ ಸಿಟ್ಟಿಗೆ ರೈಲ್ವೆಯವರು ಕಾರಣವಲ್ಲ, ಒಂದು ಮುಂಗುಸಿ ಕಾರಣ. ಅದೂ ನಿಜವಾದ ಮುಂಗುಸಿಯಲ್ಲ, ಮೊಬೈಲಿನ ಎಲೆಯಾಟದ್ದು. ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ. ನಾನಂತೂ ಇನ್ನೂ ನಕ್ಕಿಲ್ಲ.

೧. ನಲವತ್ತು ನಿಮಿಷದ ಗಾಳಿ

ಡೊಂಬಿವಲಿಯಲ್ಲಿ ನಮ್ಮ ಮನೆಗೆ ಒಂದೇ ಕಿಟಕಿ. ತೆರೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. ಕೈ ಚಾಚಿದರೆ ಅವರ ಬಾತ್‌ರೂಮಿನ ಪೈಪು ಸಿಗುತ್ತದೆ. ಬೇಲಾಪುರದಲ್ಲಿ ನನ್ನ ಕೆಲಸ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ, ದೊಡ್ಡ ದೊಡ್ಡ ನಕಾಶೆಗಳನ್ನು ಪ್ರಿಂಟ್ ತೆಗೆಯುವುದು. ಯಾರ ಮನೆಗೆ ಎಷ್ಟು ಕಿಟಕಿ, ಎಲ್ಲಿ ಬಾಲ್ಕನಿ ಎಂದು ಬೆಳಗಿನಿಂದ ಸಂಜೆಯವರೆಗೆ ಪ್ರಿಂಟ್ ತೆಗೆಯುವ ನನ್ನ ಕೋಣೆಗೆ ಕಿಟಕಿಯೇ ಇಲ್ಲ. ಹಾಗಾಗಿ ಠಾಣೆಯಿಂದ ಬೇಲಾಪುರದವರೆಗೆ ರೈಲಿನಲ್ಲಿ ಬೀಸುವ ನಲವತ್ತು ನಿಮಿಷದ ಗಾಳಿಯೇ ನನ್ನ ಪಾಲಿನ ಗಾಳಿ. ಅದೂ ಕಿಟಕಿ ಸೀಟು ಸಿಕ್ಕಿದರೆ.

ನಮ್ಮದು ಮೂವರ ಗುಂಪು. ಕಲ್ಯಾಣದಿಂದ ಬರುವ ಹೋಟೆಲ್ ಮ್ಯಾನೇಜರು, ಕುಂದಾಪುರದ ಕಡೆಯವರು. ಕಳವಾದಿಂದ ಬರುವ ಸೂಪರ್‌ವೈಸರ್, ಕಲಬುರಗಿಯವನು, ಬೇಲಾಪುರದಲ್ಲಿ ಏಳುತ್ತಿರುವ ಒಂದು ಬಿಲ್ಡಿಂಗಿನಲ್ಲಿ ಸ್ಲ್ಯಾಬ್ ಹಾಕಿಸುವ ಕೆಲಸ. ಮೂರನೆಯವನು ನಾನು. ಠಾಣೆಯಲ್ಲಿ ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆ, ಅದು ನಿಲ್ಲುವ ಮೊದಲೇ ಸೂಪರ್‌ವೈಸರ್ ಹಾರಿ ಒಳಗೆ ಹೋಗಿ ಮೂವರ ಬೆಂಚಿನ ಮೇಲೆ ಕರ್ಚೀಫು ಹಾಸುತ್ತಾನೆ. ಹಿಂದೆ ಪೇಪರ್ ಹಾಸಿ ಇಸ್ಪೀಟು ಆಡುತ್ತಿದ್ದೆವು. ಶುಕ್ರವಾರದ ಆಟ ಗೆದ್ದವನಿಗೆ ಮುಂದಿನ ವಾರವಿಡೀ ಕಿಟಕಿ ಸೀಟು. ಅದು ನಮ್ಮ ಕಾನೂನು.

ಫೆಬ್ರವರಿಯಲ್ಲಿ ಮ್ಯಾನೇಜರು ಎಲ್ಲರ ಮೊಬೈಲಿಗೆ ಹೊಸ ಆಟ ಹಾಕಿಸಿದರು. ನೂರಾರು ಎಲೆಗಳಿಂದ ನಮಗೆ ಬೇಕಾದ ಮೂವತ್ತನ್ನು ಆರಿಸಿ ನಮ್ಮ ಕಟ್ಟು ನಾವೇ ಮಾಡಿಕೊಳ್ಳಬೇಕು. ಒಂದೊಂದು ಎಲೆಯಲ್ಲಿ ಒಂದೊಂದು ಪ್ರಾಣಿ. ಸರದಿಯಂತೆ ಇಳಿಸಿ ಎದುರಾಳಿಯನ್ನು ಹೊಡೆಯಬೇಕು. ಇಬ್ಬರಿಗೂ ಮೂವತ್ತು ಪ್ರಾಣ, ಮೊದಲು ಸೊನ್ನೆಗೆ ಬಂದವನು ಸೋತ. ಮ್ಯಾನೇಜರಿಗೆ ಗಾಳಿ ತಾಗಿದರೆ ಸೀನು, ಅವರಿಗೆ ಕಿಟಕಿ ಬೇಡ. ಹಾಗಾಗಿ ಅವರು ಅಂಪೈರ್ ಆದರು, ಆಟ ನನಗೂ ಸೂಪರ್‌ವೈಸರಿಗೂ.

ಮೊದಲ ಶುಕ್ರವಾರ ಅವನು ಬರೀ ಹಾವು ಇಳಿಸಿದ. ಹಸಿರು ಹಾವು, ನೀರು ಹಾವು, ಹೆಡೆ ಬಿಚ್ಚಿದ ಹಾವು. ಐರೋಲಿಯಲ್ಲಿ ಆಟ ಶುರುವಾದದ್ದು, ಘನ್ಸೋಲಿ ಬರುವಷ್ಟರಲ್ಲಿ ನನ್ನ ಪ್ರಾಣ ಎರಡಕ್ಕೆ ಇಳಿದಿತ್ತು. ಸಿಟ್ಟಿಗೆ ನಾನು ಆಟ ಮುಗಿಯುವ ಮೊದಲೇ 'ಸೋತೆ' ಗುಂಡಿ ಒತ್ತಿ ಮೊಬೈಲು ಜೇಬಿಗೆ ತುರುಕಿದೆ. "ಹಾಂಗ್ ಮಾಡುಕಾಗ, ಮಾರಾಯ್ರೆ," ಎಂದರು ಮ್ಯಾನೇಜರು. ನನಗೆ ಇನ್ನಷ್ಟು ಸಿಟ್ಟು ಬಂತು. "ಆಯಿತು, ಇನ್ನು ಮುಂದೆ ಯಾರು ಮಧ್ಯದಲ್ಲಿ ಆ ಗುಂಡಿ ಒತ್ತುತ್ತಾರೋ ಅವರು ಒಂದು ತಿಂಗಳು ಬಾಗಿಲಲ್ಲಿ ನಿಂತು ಬರಬೇಕು!" ಎಂದು ನಾನೇ ಕಾನೂನು ಮಾಡಿದೆ. ಆ ಕಾನೂನು ಆಮೇಲೆ ಯಾರ ಕುತ್ತಿಗೆಗೆ ಬಂತು ಎಂದು ನೀವು ಊಹಿಸಬಹುದು.

೨. ಮೂವತ್ತರಲ್ಲಿ ಒಂದು

ಮಗಳು ಕಾಲೇಜಿನಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ, ಹದಿನೆಂಟು ವರ್ಷಗಳಿಂದ ಹೀಗೇ ನಡೆದಿದೆ. ಹಾವಿನ ಕಷ್ಟ ಹೇಳಿದೆ. ಅವಳು ಎಲೆಗಳನ್ನು ತಡಕಾಡಿ ಒಂದನ್ನು ತೋರಿಸಿದಳು. "ಬಾಬಾ, ಹೇ ಟಾಕಾ ನಾ." ಇದನ್ನು ಹಾಕಿ ಎಂದು.

ಅದೇ ಮುಂಗುಸಿ. ಬೆನ್ನು ಬಾಗಿಸಿ, ಹಲ್ಲು ಕಿರಿದು ನಿಂತಿತ್ತು. ಅದರ ಸ್ವಂತ ಶಕ್ತಿ ಬರೀ ಒಂದು. ಹಾವಿಲ್ಲದ ಕಡೆ ಅದನ್ನು ಇಳಿಸಿದರೆ ಮೂಲೆಯಲ್ಲಿ ಕೂತು ಮೈ ಕೆರೆದುಕೊಳ್ಳುತ್ತದೆ, ಅಷ್ಟೇ. ಆದರೆ ಎದುರಾಳಿಯ ಹಾವು ಮೇಜಿನ ಮೇಲಿದ್ದರೂ ಸರಿ, ಆಮೇಲೆ ಬಂದರೂ ಸರಿ, ತಾನಾಗಿ ಹೋಗಿ ತಿನ್ನುತ್ತದೆ. ಒಂದು ಹಾವು ತಿಂದರೆ ಎದುರಾಳಿಯ ಪ್ರಾಣದಲ್ಲಿ ಹತ್ತು ಕಡಿತ. ಬೇಡ ಎಂದು ತಡೆಯಲು ನಮಗೂ ಬರುವುದಿಲ್ಲ. ಮೂರು ಹಾವು ತಿಂದರೆ ಸೂಪರ್‌ವೈಸರ್ ಖಲ್ಲಾಸ್. ನನಗೆ ಖುಷಿಯಲ್ಲಿ ಊಟ ಸೇರಲಿಲ್ಲ.

ಮುಂದಿನ ಶುಕ್ರವಾರ ಒಂದು ಮುಂಗುಸಿ ಹಾಕಿಕೊಂಡು ಹೋದೆ. ಹಾವುಗಳು ಸಾಲಾಗಿ ಬಂದವು, ಮುಂಗುಸಿ ಬರಲಿಲ್ಲ. ಸೋತ ಮೇಲೆ ನೋಡಿದರೆ ಅದು ಕಟ್ಟಿನ ತಳದಲ್ಲಿ ಮೂವತ್ತನೆಯ ಎಲೆಯಾಗಿ ಮಲಗಿತ್ತು. ಆಮೇಲೆ ಎರಡು ಹಾಕಿದೆ. ಎರಡೂ ಮೊದಲೇ ಕೈಗೆ ಬಂದವು, ಅವನು ಒಂದೇ ಒಂದು ಹಾವು ಇಳಿಸಲಿಲ್ಲ. ಆನೆ ತಂದಿದ್ದ! ನನ್ನ ಎರಡು ಮುಂಗುಸಿಗಳು ಆನೆಯ ಕಾಲಡಿ ಹೋದವು. ಸಾಯಲಿ ಎಂದು ಮುಂಗುಸಿಗಳನ್ನು ಕಿತ್ತು ಬಿಸಾಡಿದೆ. ಮರುವಾರವೇ ಏಳು ಹಾವು!

ಮನೆಗೆ ಬಂದು ಹಾರಾಡಿದೆ. "ಅವನು ನನ್ನ ಕಟ್ಟು ಕದ್ದು ನೋಡುತ್ತಾನೆ! ಇಲ್ಲದಿದ್ದರೆ ಇವತ್ತು ಮುಂಗುಸಿ ಇದೆ, ಇವತ್ತು ಇಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?"

ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಬಾಬಾ, ತುಮ್ಹೀ ತ್ಯಾಲಾ ಸಾಂಗಿತಲಂ ಕಾ?"

ನಾನು ಹೇಳಿದ್ದೆನೇ ಎಂದು ಕೇಳುತ್ತಾಳೆ! ಹೇಳಿದ್ದೆ, ನಿಜ. ಗುರುವಾರ ಸಂಜೆ ಠಾಣೆಯ ಬ್ರಿಜ್ಜಿನ ಮೇಲೆ, "ನಾಳೆ ಬಾ ಮಗನೇ, ನಿನ್ನ ಹಾವುಗಳಿಗೆಲ್ಲ ಮುಂಗುಸಿ ಸಾಕಿದ್ದೇನೆ" ಎಂದು ಬೈದಿದ್ದೆ. ಅದರ ಮುಂದಿನ ಗುರುವಾರ, "ಆ ಹಾಳು ಮುಂಗುಸಿಯನ್ನು ಓಡಿಸಿಬಿಟ್ಟೆ" ಎಂದೂ ಹೇಳಿದ್ದೆ. ಆದರೆ ಅದು ಸಿಟ್ಟಿನಲ್ಲಿ ಹೇಳಿದ್ದು. ಸಿಟ್ಟಿನಲ್ಲಿ ಹೇಳಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವವನು ಎಂಥ ಸಣ್ಣ ಮನುಷ್ಯನಿರಬೇಕು!

೩. ರಬಾಳೆಯಲ್ಲಿ ಪೊಲೀಸರು

ಇದು ಏಪ್ರಿಲ್ ಕೊನೆಯ ಮಾತು. ಮಧ್ಯದ ಸೀಟಿನಲ್ಲಿ ಎರಡು ಕಡೆಯ ಭುಜಗಳ ನಡುವೆ ಬೆಂದುಹೋಗಿದ್ದೆ. ಆ ಶುಕ್ರವಾರ ನಾನು ಯಾರಿಗೂ ಏನೂ ಹೇಳದೆ ಮುಂಗುಸಿ ಇಟ್ಟುಕೊಂಡು ಬಂದಿದ್ದೆ. ಅದು ಮೊದಲ ಕೈಯಲ್ಲೇ ಬಂತು. ಇಳಿಸಿ ಕೂತೆ. ಸೂಪರ್‌ವೈಸರ್ ಅದನ್ನು ನೋಡಿದ, ಮೀಸೆಯಲ್ಲೇ ನಕ್ಕ, ಹಾವು ಇಳಿಸಲಿಲ್ಲ. ಕೈಯಲ್ಲಿ ಇಟ್ಟುಕೊಂಡೇ ಇದ್ದ. ಸಣ್ಣ ಪುಟ್ಟ ಕೋಳಿ, ಕುರಿ ಇಳಿಸುತ್ತಾ ನನ್ನನ್ನು ಕುಟುಕತೊಡಗಿದ.

ಸಿಟ್ಟು ಬಂದರೆ ನನಗೆ ಹಿಂದಿ ಬರುತ್ತದೆ. ಇಪ್ಪತ್ತು ವರ್ಷ ಲೋಕಲ್‌ನಲ್ಲಿ ಜಗಳ ಕಲಿತದ್ದೇ ಆ ಭಾಷೆಯಲ್ಲಿ. ಎದ್ದು ನಿಂತು ಕೂಗಿದೆ: "ಸಾಂಪ್ ಹೈ ನಾ ತೇರೇ ಪಾಸ್? ಮಾಲೂಮ್ ಹೈ ಮೇರೇಕೋ! ನಿಕಾಲ್! ಅಭೀ ನಿಕಾಲ್!" ನಿನ್ನ ಹತ್ತಿರ ಹಾವಿದೆ, ಈಗಲೇ ಹೊರಗೆ ತೆಗೆ ಎಂದು.

ಸೂಪರ್‌ವೈಸರ್ ತೊಡೆಯ ಮೇಲೆ ಗಂಟು ಕಟ್ಟಿದ ಬಟ್ಟೆಯ ಚೀಲ. ಎದುರು ಬೆಂಚಿನವನು ಅದನ್ನು ನೋಡಿದ, ನನ್ನನ್ನು ನೋಡಿದ, ಕಾಲು ಮೇಲೆತ್ತಿಕೊಂಡ. ಆಮೇಲೆ ಯಾರು ಯಾರ ಮೇಲೆ ಹತ್ತಿದರೋ ಗೊತ್ತಿಲ್ಲ. ನಿಲ್ಲಲು ಜಾಗವಿಲ್ಲದ ಡಬ್ಬಿಯಲ್ಲಿ ನಮ್ಮ ಸುತ್ತ ಒಂದು ಅಂಗಳದಷ್ಟು ಜಾಗ ಖಾಲಿಯಾಯಿತು. ಯಾರೋ ಸರಪಳಿ ಎಳೆಯಲು ಹೊರಟರು, ಅಷ್ಟರಲ್ಲಿ ರಬಾಳೆ ಬಂತು, ಒಬ್ಬ ರೈಲ್ವೆ ಪೊಲೀಸ್ ಒಳಗೆ ಬಂದ.

"ಥೈಲಾ ಖೋಲ್," ಎಂದ. ಸೂಪರ್‌ವೈಸರ್ ಗಂಟು ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಈರುಳ್ಳಿ.

"ಸಾಂಪ್ ಕಿಧರ್ ಹೈ?"

"ಮೊಬೈಲ್ ಮೇ ಹೈ, ಸಾಹೇಬ್," ಎಂದೆ ನಾನು. ಪೊಲೀಸ್ ನನ್ನನ್ನೇ ಒಂದು ಕ್ಷಣ ನೋಡಿದ. ಆಮೇಲೆ ಸೂಪರ್‌ವೈಸರಿಗೆ ಮೊಬೈಲ್ ತೋರಿಸಲು ಹೇಳಿದ. ಈ ಗಲಾಟೆಯಲ್ಲಿ ನನ್ನ ಸರದಿಯ ಸಮಯ ಮುಗಿದು, ಆಮೇಲಿನದೂ ಮುಗಿದು, ಆಟವೇ ಮುಗಿದುಹೋಗಿತ್ತು. ಪರದೆಯ ತುಂಬ ಬಣ್ಣದ ಕಾಗದ ಉದುರುತ್ತಾ, 'ನೀವು ಗೆದ್ದಿದ್ದೀರಿ' ಎಂದು ಇಂಗ್ಲಿಷಿನಲ್ಲಿ ಹೊಳೆಯುತ್ತಿತ್ತು. ಪೊಲೀಸ್ ಅದನ್ನು ಓದಿ, ಸೂಪರ್‌ವೈಸರ್ ಕೈ ಕುಲುಕಿ, ಒಂದು ರೊಟ್ಟಿ ತೆಗೆದುಕೊಂಡು ಇಳಿದುಹೋದ.

೪. ಭಟ್ಟರ ಪ್ರಶ್ನೆ

ನನ್ನ ಹೆಂಡತಿಯ ಮನೆಯವರು ನಾಗನನ್ನು ತುಂಬ ನಂಬಿದವರು. ದಾರಿಯಲ್ಲಿ ಹಾವಿನ ಪೊರೆ ಕಂಡರೂ ಚಪ್ಪಲಿ ಬಿಟ್ಟು ಕೈ ಮುಗಿಯುವವರು. ಮೇ ತಿಂಗಳಲ್ಲಿ ಒಂದು ದಿನ ನಾನು ಸೋಫಾದಲ್ಲಿ ಕೂತು, "ತಿನ್ನು! ಹಾವು ತಿನ್ನು! ಒಂದಾದರೂ ತಿನ್ನು, ದರಿದ್ರದ್ದೇ!" ಎಂದು ಮೊಬೈಲಿಗೆ ಬೈಯುತ್ತಾ ಅಭ್ಯಾಸ ಮಾಡುತ್ತಿದ್ದಾಗ ಅವಳು ಅಡುಗೆ ಮನೆಯಿಂದ ಬಂದಳು.

"ಎಂತ ತಿನ್ನಿಸುವುದು ನೀವು?"

ಹೇಳಿದೆ. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಅಯ್ಯೋ ದೇವರೇ! ಮಗಳಿಗೆ ಸಂಬಂಧ ನೋಡುವ ಹೊತ್ತಿನಲ್ಲಿ ಮನೆಯಲ್ಲಿ ಕೂತು ನಾಗನ ಮೇಲೆ ಮುಂಗುಸಿ ಬಿಡ್ತಾರಲ್ಲ ಇವರು!"

"ಅದು ಚಿತ್ರ ಮಾರಾಯ್ತಿ!"

"ಗೋಡೆಯಲ್ಲಿರುವ ದೇವರೂ ಚಿತ್ರವೇ. ಅದರ ಮೇಲೆ ಎಂಜಲು ಹಾಕ್ತೀರಾ?"

ಆ ಭಾನುವಾರವೇ ಡೊಂಬಿವಲಿಯಲ್ಲಿ ನಮ್ಮ ಕಡೆಯವರು ನಡೆಸುವ ದೇವಸ್ಥಾನಕ್ಕೆ ಎಳೆದುಕೊಂಡು ಹೋದಳು. ನಾಗನಿಗೆ ಆಶ್ಲೇಷಾ ಬಲಿಯ ದಿನ, ಜನವೋ ಜನ. ಭಟ್ಟರು ವಯಸ್ಸಾದವರು. ಅವಳು ಎಲ್ಲರ ಎದುರು ವಿಷಯ ಹೇಳಿದಳು, ಮೊಬೈಲು ಎಂಬ ಮಾತನ್ನು ಮಾತ್ರ ಕೊನೆಗೆ ಇಟ್ಟುಕೊಂಡಳು. ಹಿಂದೆ ಕೂತಿದ್ದವರೆಲ್ಲ ನನ್ನಿಂದ ಸ್ವಲ್ಪ ದೂರ ಸರಿದರು.

ಭಟ್ಟರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು: "ಎಷ್ಟು ಹಾವು ಹೋಗಿದೆ ನಿಮ್ಮ ಕೈಯಿಂದ?"

ನಾಲ್ಕು ತಿಂಗಳ ಸಿಟ್ಟು ಒಮ್ಮೆಗೇ ಉಕ್ಕಿ ಬಂತು. "ಒಂದೂ ಇಲ್ಲ ಭಟ್ರೇ! ಫೆಬ್ರವರಿಯಿಂದ ಕಾಯ್ತಾ ಇದ್ದೇನೆ, ಒಂದೇ ಒಂದನ್ನು ತಿಂದಿಲ್ಲ ಆ ಮುಂಡೇದು!"

ಭಟ್ಟರು ಪಂಚಾಂಗ ತೆರೆದು ದಿನ ಎಣಿಸಿದರು. ಆಮೇಲೆ, ನಲವತ್ತೆಂಟು ದಿನ ಮುಂಗುಸಿ ಮುಟ್ಟಬಾರದು ಎಂದರು. ದೋಷ ನನಗೆ ತಟ್ಟಿಲ್ಲ, ಮುಂಗುಸಿಗೆ ತಟ್ಟಿರಬೇಕು ಎಂದೂ ಸೇರಿಸಿದರು.

೫. ಗೆಲುವು

ಮುಂಗುಸಿ ತೆಗೆದ ಜಾಗಕ್ಕೆ ಒಂದು ಕೋಣ ಹಾಕಿದೆ. ಕೋಣಕ್ಕೆ ಎದುರು ಯಾರಿದ್ದರೂ ಒಂದೇ, ಹಾಯುತ್ತದೆ. ಜೂನ್ ಎರಡನೆಯ ಶುಕ್ರವಾರ, ಕೋಪರ್‌ಖೈರಣೆ ದಾಟುವ ಮೊದಲೇ ನಾನು ಗೆದ್ದೆ! ಸೂಪರ್‌ವೈಸರ್ ಹಾವು ಇಳಿಸಲೇ ಇಲ್ಲ. ಕೋಳಿ ಇಳಿಸಿದ, ಬಾತುಕೋಳಿ ಇಳಿಸಿದ, ಕೈ ಮುಗಿದ. "ನಿಮ್ಮ ನಸೀಬು ಭಾರಿ ಅದರಿ ಸರ. ಸೋಮವಾರದಿಂದ ಕಿಟಕಿ ನಿಮ್ಮದೇ."

ನನಗೆ ಕಣ್ಣು ತುಂಬಿ ಬಂತು. ಅಂಥ ಒಳ್ಳೆಯ ಮನುಷ್ಯನನ್ನು ನಾಲ್ಕು ತಿಂಗಳು ಬೈದೆನಲ್ಲ ಎಂದು ನಾಚಿಕೆಯಾಯಿತು. ಮನೆಗೆ ಹೋಗಿ ಹೆಂಡತಿಗೆ, ನಾಗ ಕಣ್ಣು ತೆರೆದ ಎಂದೆ.

ಸೋಮವಾರ ಬೆಳಿಗ್ಗೆ ಮಳೆಗಾಲ ಶುರುವಾಯಿತು.

ಮಳೆಗಾಲದಲ್ಲಿ ಕಿಟಕಿ ಸೀಟು ಎಂದರೇನು ಎಂದು ಲೋಕಲ್‌ನಲ್ಲಿ ಹೋಗುವವರನ್ನು ಕೇಳಿ. ಕಿಟಕಿ ತೆರೆದರೆ ಹಿಂದಿನವರು "ಖಿಡ್ಕೀ ಬಂದ್ ಕರೋ" ಎಂದು ಬೈಯುತ್ತಾರೆ. ಮುಚ್ಚಿದರೆ ಮುಂದಿನವರು ಉಸಿರು ಕಟ್ಟಿ "ದಮ್ ಘುಟ್ ರಹಾ ಹೈ" ಎಂದು ಬೈಯುತ್ತಾರೆ. ಮುಚ್ಚಿದ ಕಿಟಕಿಯ ಸಂದಿಯಿಂದಲೂ ನೀರು ಬಂದು ಸೀಟಿನ ಆ ಮೂಲೆಯಲ್ಲೇ ನಿಲ್ಲುತ್ತದೆ. ಬೇಲಾಪುರದಲ್ಲಿ ಇಳಿಯುವಾಗ ನನ್ನ ಎಡಭಾಗ ಪೂರ್ತಿ ಒದ್ದೆ, ಬಲಭಾಗ ಪೂರ್ತಿ ಒಣ.

"ನಿನಗೆ ಗೊತ್ತಿತ್ತು!" ಎಂದು ಸೂಪರ್‌ವೈಸರ್ ಮೇಲೆ ಹಾರಿಬಿದ್ದೆ.

"ನಾ ಸ್ಲ್ಯಾಬ್ ಹಾಕಸೋ ಮನಷ್ಯಾ ಅದೀನ್ರಿ ಸರ," ಎಂದ ಅವನು, ಒಣ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಾ. "ಮಳಿ ಯಾವಾಗ ಬರ್ತದ ಅಂತ ಮುಗಿಲ ನೋಡೋದಕ್ಕೇ ನನಗ ಪಗಾರ ಕೊಡ್ತಾರ."

ಆಫೀಸಿನಲ್ಲಿ ಆ ಒದ್ದೆ ತೋಳು ಒಂದು ಹೊಸ ಕಾಲೊನಿಯ ನಕಾಶೆಯ ಮೇಲೆ ಬಿತ್ತು. ಪಾರ್ಕಿಂಗ್ ಇದ್ದ ಜಾಗದಲ್ಲಿ ನೀಲಿ ಶಾಯಿ ಹರಡಿ ಅಂಗೈಯಗಲದ ಕಲೆಯಾಯಿತು. ಸಾಹೇಬರು ಅದನ್ನು ನೋಡದೆ ಮೀಟಿಂಗಿಗೆ ಒಯ್ದುಬಿಟ್ಟರು. ಕೆಲಸ ಹೋಯಿತು ಎಂದೇ ನಾನು ಕೂತಿದ್ದೆ. ಒಂದು ಗಂಟೆಯ ಮೇಲೆ ಬಂದು, ಗಿರಾಕಿಗೆ ಕೆರೆ ತುಂಬ ಹಿಡಿಸಿದೆ, ಸ್ವಲ್ಪ ದೊಡ್ಡದು ಮಾಡಬಹುದೇ ಎಂದು ಕೇಳಿದರು.

೬. ಮುಂಗುಸಿ ತಿಂದಿತು

ಆ ಶುಕ್ರವಾರದ ಆಟವನ್ನು ಸೋಲಲೇಬೇಕು ಎಂದು ಹೊರಟೆ. ಇನ್ನೊಂದು ವಾರ ಆ ಸೀಟಿನಲ್ಲಿ ಕೂತರೆ ನನಗೆ ನ್ಯುಮೋನಿಯಾ ಖಂಡಿತ. ಕಾನೂನು ಪ್ರಕಾರ ಗೆದ್ದವನು ಕಿಟಕಿಯಲ್ಲಿ ಕೂರಲೇಬೇಕು. 'ಸೋತೆ' ಗುಂಡಿ ಒತ್ತಿದರೆ ಒಂದು ತಿಂಗಳು ಬಾಗಿಲಲ್ಲಿ, ಅಲ್ಲಿ ಎರಡೂ ಕಡೆ ಒದ್ದೆ. ಹಾಗಾಗಿ ಆಡಿಯೇ ಸೋಲಬೇಕಿತ್ತು. ಕೋಣವನ್ನು ತೆಗೆದೆ. ಇರುವ ಎಲೆಗಳಲ್ಲೆಲ್ಲ ಅತ್ಯಂತ ದಂಡದ ಎಲೆ ಯಾವುದು ಎಂದು ಯೋಚಿಸಿದೆ. ಯೋಚಿಸಬೇಕಾದ್ದೇನಿದೆ? ಮುಂಗುಸಿ! ವ್ರತ ನೆನಪಾಯಿತು. ಆದರೆ ನಾಲ್ಕು ತಿಂಗಳಲ್ಲಿ ಒಂದು ಹಾವನ್ನೂ ಮುಟ್ಟದ ಪ್ರಾಣಿ ಅದು. ಅದರಷ್ಟು ಸಾತ್ವಿಕ ಜೀವ ನಮ್ಮ ಮನೆಯಲ್ಲೇ ಯಾರೂ ಇರಲಿಲ್ಲ.

ಐರೋಲಿಯಲ್ಲಿ ಆಟ ಶುರುವಾಯಿತು. ಮುಂಗುಸಿ ಮೊದಲ ಕೈಯಲ್ಲೇ ಬಂತು, ಇಳಿಸಿದೆ. ನನ್ನ ಕಡೆಯಿಂದ ಒಂದು ಏಟೂ ಹೊಡೆಯಲಿಲ್ಲ. ಸೂಪರ್‌ವೈಸರ್ ಮುಂಗುಸಿಯನ್ನು ನೋಡಿದ. ಅವನ ಮುಖ ಅರಳಿತು. ಅವನಿಗೂ ಸೋಲಬೇಕಿತ್ತು!

ಅವನು ಒಂದು ಹಾವು ಇಳಿಸಿದ.

"ಬೇಡ!" ಎಂದು ಕೂಗಿದೆ. ಮುಂಗುಸಿ ಎದ್ದಿತು. ಜೀವಮಾನದಲ್ಲಿ ಮೊದಲ ಸಲ ಅದು ಓಡುವುದನ್ನು ನೋಡಿದೆ. ಗಬಕ್ಕನೆ ತಿಂದಿತು. ಸೂಪರ್‌ವೈಸರ್ ಪ್ರಾಣ ಇಪ್ಪತ್ತು.

"ಹಾವು ಹಿಂದೆ ತಗೋ!"

"ಹಿಂದ ತಗೊಳ್ಳಾಕ ಬರಂಗಿಲ್ರಿ ಸರ," ಎನ್ನುತ್ತಾ ಎರಡನೆಯದನ್ನು ಇಳಿಸಿದ. ಹೆಡೆ ಬಿಚ್ಚಿದ್ದು. ಅದನ್ನೂ ತಿಂದಿತು. ನಾನು ಎರಡೂ ಹೆಬ್ಬೆರಳುಗಳಿಂದ ಮುಂಗುಸಿಯನ್ನು ಒತ್ತಿ ಹಿಡಿದೆ. ಹೆಬ್ಬೆರಳಿನ ಅಡಿಯಿಂದಲೇ ನುಸುಳಿ ಹೋಗಿ ಮೂರನೆಯದನ್ನೂ ತಿಂದಿತು. ಪರದೆಯ ತುಂಬ ಬಣ್ಣದ ಕಾಗದ ಉದುರಿತು.

"ಎಂತ ಆಟ ಮಾರಾಯ್ರೆ!" ಎಂದು ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಆ ಬೆನ್ನು ಇನ್ನೂ ಒಣಗಿರಲಿಲ್ಲ.

ಮನೆಯಲ್ಲಿ ಸುಳ್ಳು ಹೇಳಲು ಆಗಲಿಲ್ಲ, ಮುಖದಲ್ಲೇ ಕಂಡಿತು. ಭಾನುವಾರ ಮತ್ತೆ ದೇವಸ್ಥಾನ. ಭಟ್ಟರು ನನ್ನನ್ನು ಗುರುತು ಹಿಡಿದರು. "ಈಗ ಎಷ್ಟು?" ಎಂದರು.

"ಮೂರು," ಎಂದೆ. "ಅವನೇ ತಂದು ತಂದು ತಿನ್ನಿಸಿದ್ದು ಭಟ್ರೇ!"

"ಅದರಿಂದ ನಿಮಗೇನು ಸಿಕ್ಕಿತು?"

"ಕಿಟಕಿ ಸೀಟು."

ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು. "ನಾಗನಿಗೆ ಅಪಚಾರ ಮಾಡಿ ಸಿಕ್ಕಿದ್ದನ್ನು ಅನುಭವಿಸಬಾರದು. ಹಾವು ಯಾರದ್ದೋ ಅವರಿಗೇ ಆ ಜಾಗ ಬಿಟ್ಟುಕೊಡಿ. ಅವರು ಬೇಡ ಅನ್ನುವ ಹಾಗಿಲ್ಲ."

ಅಂದು ಭಟ್ಟರ ಕಾಲಿಗೆ ಬಿದ್ದೆನಲ್ಲ, ನನ್ನ ಮದುವೆಯಲ್ಲೂ ಹಾಗೆ ಯಾರ ಕಾಲಿಗೂ ಬಿದ್ದಿರಲಿಲ್ಲ. ಇಡೀ ಆಟದಲ್ಲಿ ಇಲ್ಲದ ಎಲೆ ಇದು! ಸೂಪರ್‌ವೈಸರ್ ತಾನೂ ಹುತ್ತಕ್ಕೆ ಹಾಲೆರೆಯುವವನೇ, ಇದಕ್ಕೆ ಅವನ ಹತ್ತಿರ ಉತ್ತರವೇ ಇಲ್ಲ. ಅವನ ಎಡಭಾಗ ಒದ್ದೆಯಾಗುವುದನ್ನು ನೆನೆಯುತ್ತಾ ಭಾನುವಾರವಿಡೀ ನಗುತ್ತಲೇ ಇದ್ದೆ. ಹೆಂಡತಿ ಹೆದರಿ ಎರಡು ಸಲ ಹಣೆ ಮುಟ್ಟಿ ನೋಡಿದಳು.

ಸೋಮವಾರ ಠಾಣೆಯಲ್ಲಿ ಭಟ್ಟರ ಮಾತನ್ನು ಅಕ್ಷರಶಃ ಒಪ್ಪಿಸಿದೆ. ಸೂಪರ್‌ವೈಸರ್ ಮುಖ ಬಾಡಿತು. ಕೈ ಮುಗಿದು, ನಾಗಪ್ಪನ ಮಾತಿಗೆ ಇಲ್ಲ ಅನ್ನಲಾಗದು ಎಂದು ಹೋಗಿ ಕಿಟಕಿಗೆ ಕೂತ. ನಾನು ಒಣ ಮೂಲೆಯಲ್ಲಿ ಕಾಲು ಚಾಚಿದೆ. ಗಾಡಿ ಹೊರಟಿತು.

ಐರೋಲಿ ಬರುವಷ್ಟರಲ್ಲಿ ಬಿಸಿಲು ಬಂತು. ಮುಗಿಲಲ್ಲಿ ಒಂದು ಮೋಡವಿಲ್ಲ. ಹಿನ್ನೀರಿನ ಖಾಡಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿ ಬೀಸಿ ಕಿಟಕಿಯಲ್ಲಿ ನುಗ್ಗಿತು, ಇಡೀ ವರ್ಷದಲ್ಲಿ ಅಂಥ ಗಾಳಿ ನಾನು ಕಂಡಿರಲಿಲ್ಲ. ಆ ವಾರವಿಡೀ ಒಂದು ಹನಿ ಮಳೆಯಾಗಲಿಲ್ಲ.

ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸೂಪರ್‌ವೈಸರ್ ಅಂಗಿಯ ಎರಡು ಗುಂಡಿ ಬಿಚ್ಚಿ, ಮುಖವನ್ನು ಗಾಳಿಗೆ ಒಡ್ಡಿ, ಕಣ್ಣು ಮುಚ್ಚಿಕೊಂಡೇ ಹೇಳಿದ: "ಸರ, ನಿಮ್ಮ ಭಟ್ಟರಿಗೆ ನಂದೊಂದು ನಮಸ್ಕಾರ ಹೇಳ್ರಿ."